ಮಗನ ಮಗಳು ಯಾರ ಪೈಕಿ

ನಾವು ತುಳುವರು ಬೇರೆಯೇ ಒಂದು ಜನ ಎಂದು ನನ್ನ ತಮ್ಮ ಸ್ಟೇಜಿನಲ್ಲಿ ನಿಂತು ಹೇಳಿದ್ದು ಕನ್ನಡದಲ್ಲಿ. ಬೆಂಗಳೂರಿನಿಂದ ಯಾರೋ ದೊಡ್ಡವರು ಬಂದಿದ್ದರು, ಪೇಪರಿನವರೂ ಇದ್ದರು. ತುಳುವಿನಲ್ಲಿ ಹೇಳಿದರೆ ಅವರಿಗೆ ತಿಳಿಯುವುದಿಲ್ಲವಲ್ಲ. ನಾನೂ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಶಾಲೆಗೆ ಹೋದಷ್ಟು ದಿನ ಕಲಿಸಿದ್ದು ಅದೇ ಅಕ್ಷರ. ಮಾತಾಡಿದ್ದೆಲ್ಲ ತುಳು, ಬರೆಯುವುದು ಕನ್ನಡ. ಇದರಲ್ಲಿ ಯಾವುದು ನಾವು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ತಮ್ಮ ತುಳು ಸಂಘದ ಅಧ್ಯಕ್ಷ. ಅವನ ಅಕ್ಕ ಎಂದು ನನಗೆ ಎದುರಿನ ಸಾಲಿನಲ್ಲಿ ಕುರ್ಚಿ ಕೊಟ್ಟಿದ್ದರು. ಮೈಕ್ ಹಿಡಿದು ಕಾರ್ಯಕ್ರಮ ನಡೆಸಿಕೊಟ್ಟವಳು ನನ್ನ ಮೊಮ್ಮಗಳು. ಅವಳದ್ದು ಮಾತ್ರ ಶುದ್ಧ ತುಳು. ಈಗಿನ ಮಕ್ಕಳ ತುಳುವಿನಲ್ಲಿ ಅರ್ಧ ಇಂಗ್ಲಿಷು ಇರುತ್ತದೆ. ಇವಳದ್ದರಲ್ಲಿ ಇಲ್ಲ. ಪಡೀಲಿನ ನಮ್ಮ ಮನೆಯ ಜಗಲಿಯಲ್ಲಿ ನಾನೂ ಅಕ್ಕಪಕ್ಕದ ಹೆಂಗಸರೂ ಬೀಡಿ ಕಟ್ಟುತ್ತಾ ಕೂರುತ್ತಿದ್ದೆವು. ಅವಳು ನಮ್ಮ ನಡುವೆ ಮಲಗಿ, ಎದ್ದು, ಸೂಪು ಎನ್ನುವ ಮೊರದಲ್ಲಿದ್ದ ಎಲೆ ಚೆಲ್ಲಿ, ಬೈಸಿಕೊಂಡು ಬೆಳೆದವಳು. ಆ ಹೆಂಗಸರ ಬಾಯಿಯಿಂದ ಬಂದ ಭಾಷೆ ಅದು. ಬೈಗುಳವೂ ಚೆನ್ನಾಗಿ ಬರುತ್ತದೆ, ಸ್ಟೇಜಿನಲ್ಲಿ ಹೇಳುವುದಿಲ್ಲ ಅಷ್ಟೆ.

ತಮ್ಮ ಬಹಳ ಹೊತ್ತು ಮಾತಾಡಿದ. ನಮಗೆ ನಮ್ಮದೇ ಭಾಷೆ ಉಂಟು, ನಮ್ಮದೇ ದೈವಗಳು ಉಂಟು, ತಾಯಿಯ ಕಡೆಯಿಂದ ಹೋಗುವ ನಮ್ಮದೇ ಕಟ್ಟು ಉಂಟು, ನಾವು ಇನ್ನೊಂದು ಜನದ ಕೊಂಬೆ ಅಲ್ಲ, ನಾವೇ ಒಂದು ಮರ ಎಂದ. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಪ್ರಶ್ನೆ ಕೇಳುವವರು ಕೇಳಬಹುದು ಎಂದು ಮೊಮ್ಮಗಳು ಹೇಳಿದಳು. ಹಿಂದಿನ ಸಾಲಿನಿಂದ ಉಳ್ಳಾಲದ ಬ್ಯಾರಿ ಸಾಯ್ಬರೊಬ್ಬರು ಎದ್ದು ನಿಂತರು. ನನಗೆ ಮುಖ ಗೊತ್ತು. ಬಂದರಿನಲ್ಲಿ ಬಲೆ, ಹಗ್ಗ ಮಾರುವ ಅಂಗಡಿ ಅವರದ್ದು.

"ಸ್ವಾಮಿ, ನಾನು ಮನೆಯಲ್ಲಿ ಮಾತಾಡುವುದು ಬ್ಯಾರಿ, ಅಂಗಡಿಯಲ್ಲಿ ತುಳು," ಎಂದರು. "ಬೈಯುವುದು ಎರಡರಲ್ಲೂ. ನಿಮ್ಮ ಈ ಜನದ ಒಳಗೆ ನಾನು ಉಂಟಾ, ಇಲ್ವಾ? ಇಲ್ಲಾಂದ್ರೆ ಈಗಲೇ ಹೇಳಿ, ಊಟಕ್ಕೆ ಮೊದಲು ಹೋಗ್ತೇನೆ."

ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಮೈಕ್ ಹತ್ತಿರ ತಂದು ಹೇಳಿದ: "ತುಳು ಮಾತಾಡುವವರೆಲ್ಲ ತುಳುವರೇ. ಅಪ್ಪ ಯಾರು, ಅಮ್ಮ ಯಾರು ಅಂತ ನಾವು ಕೇಳುವುದಿಲ್ಲ. ನೀವು ಊಟ ಮಾಡಿಯೇ ಹೋಗಬೇಕು."

ಮತ್ತೆ ಚಪ್ಪಾಳೆ. ಸ್ಟೇಜಿನ ಮೂಲೆಯಲ್ಲಿ ನಿಂತ ಮೊಮ್ಮಗಳೂ ತಟ್ಟಿದಳು. ನಾನು ತಟ್ಟಲಿಲ್ಲ.

ಕೇಳುವುದಿಲ್ಲವಂತೆ. ನಾವು ಕೇಳುವುದೇ ಅದನ್ನು. ಬಸ್ಸಿನಲ್ಲಿ ನಮ್ಮ ಇಬ್ಬರು ಹೆಂಗಸರು ಪಕ್ಕಪಕ್ಕ ಕೂತು, ಜಾತಿ ಒಂದೇ ಎಂದು ಗೊತ್ತಾದರೆ, ಇಳಿಯುವ ಮೊದಲು ಬರಿ ಯಾವುದು ಎಂಬ ಮಾತು ಬಂದೇ ಬರುತ್ತದೆ. ಬರಿ ಎಂದರೆ ತಾಯಿಯಿಂದ ಬರುವ ಬಳ್ಳಿ. ಅಮ್ಮನ ಬರಿ ಮಕ್ಕಳಿಗೆ. ಅಪ್ಪನ ಬರಿ ಅಪ್ಪನಲ್ಲೇ ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಒಂದೇ ಬರಿಯವರು ಎಂದರೆ, ಮುಖ ನೋಡದಿದ್ದರೂ, ಅಕ್ಕ ತಂಗಿ, ಅಣ್ಣ ತಮ್ಮ. ಅವರೊಳಗೆ ಮದುವೆ ಇಲ್ಲ. ಯಾವ ದೈವಕ್ಕೆ ಕೈ ಮುಗಿಯಬೇಕು, ಯಾರು ಸತ್ತರೆ ಸೂತಕ, ಯಾವ ಮನೆಯ ಚಾವಡಿಯಲ್ಲಿ ಕೂರಬಹುದು, ಎಲ್ಲ ಅದರಿಂದ. ಈಗ ಶಾಲೆಯಲ್ಲಿ ಹೆಸರಿನ ಬಾಲಕ್ಕೆ ಅಪ್ಪನದ್ದನ್ನು ಹಚ್ಚುತ್ತಾರೆ. ಆದ್ದರಿಂದ ಹೆಸರು ಓದಿ ನಿಜವಾದ ಬರಿ ತಿಳಿಯುವುದಿಲ್ಲ. ಬಾಯಿ ಬಿಟ್ಟು ಕೇಳಬೇಕು.

ನನಗೆ ಹೆಣ್ಣು ಮಕ್ಕಳಿಲ್ಲ. ಒಬ್ಬ ಮಗ. ನನ್ನ ಬರಿ ಅವನಿಗೆ ಬಂತು, ಅಲ್ಲಿಗೆ ನಿಂತಿತು. ಅವನು ಗಲ್ಫಿಗೆ ಎ.ಸಿ. ರಿಪೇರಿ ಕೆಲಸಕ್ಕೆ ಹೋದ. ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹಾಸನದ ಕಡೆಯ ಹುಡುಗಿಯನ್ನು ಮದುವೆಯಾದ. ನಾವು ಘಟ್ಟದವರು ಎನ್ನುತ್ತೇವಲ್ಲ, ಆ ಕಡೆಯವಳು. ನನ್ನ ಹತ್ತಿರ ಕೇಳಲಿಲ್ಲ. ಮದುವೆಯಾಗಿ ಫೋನ್ ಮಾಡಿದ್ದು. ಸೊಸೆ ಕೆಟ್ಟವಳಲ್ಲ. ಮೀನು ಮುಟ್ಟುವುದಿಲ್ಲ ಎಂಬುದು ಬಿಟ್ಟರೆ ನನಗೆ ಅವಳ ಮೇಲೆ ದೂರಿಲ್ಲ. ಇಬ್ಬರಿಗೂ ಶಿಫ್ಟ್ ಕೆಲಸ. ಮಗು ಎದೆಹಾಲು ಬಿಟ್ಟ ಕೂಡಲೇ ತಂದು ನನ್ನ ಕೈಯಲ್ಲಿ ಇಟ್ಟು ಹೋದರು. ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ಹುಡುಗಿಗೆ ಜ್ವರ ಬಂದರೆ ನಾನು, ಹಲ್ಲು ಬಿದ್ದರೆ ನಾನು, ದೊಡ್ಡವಳಾದಾಗ ನಾನು.

ಆದರೆ ಅವಳು ನನ್ನ ಪೈಕಿ ಅಲ್ಲ. ಮಗನ ಮಗಳು. ನಮ್ಮ ಲೆಕ್ಕದಲ್ಲಿ ಅವಳು ಅವಳ ತಾಯಿಯ ಕಡೆಯವಳು. ತಾಯಿಯ ಕಡೆಯಲ್ಲಿ ಮಕ್ಕಳು ಅಪ್ಪನ ಕುಲ. ಹಾಗಾಗಿ ಹಾಸನದವರು ಅವಳನ್ನು ಮಂಗಳೂರಿನವಳು ಎನ್ನುತ್ತಾರೆ, ಮಂಗಳೂರಿನವರು ಘಟ್ಟದವಳು ಎನ್ನುತ್ತಾರೆ.

ನಮ್ಮ ಕುಟುಂಬದ ಮನೆ ಕೂಳೂರಿನಲ್ಲಿ, ಸೇತುವೆಯ ಆಚೆ. ವರ್ಷಕ್ಕೊಮ್ಮೆ ಅಲ್ಲಿ ದೈವಕ್ಕೆ ತಂಬಿಲ ಕೊಡುತ್ತೇವೆ. ಎಳನೀರು, ಅವಲಕ್ಕಿ, ಹೂ ಇಟ್ಟು ಕೈ ಮುಗಿಯುವುದು. ಮುಗಿದ ಮೇಲೆ ಗಂಧ ಪ್ರಸಾದ ಕೊಡುವಾಗ ಮೊದಲು ಕುಟುಂಬದವರಿಗೆ, ಆಮೇಲೆ ಬಂದವರಿಗೆ. ಬಂದವರು ಎಂದರೆ ಅಳಿಯಂದಿರು, ಸೊಸೆಯಂದಿರು, ನೆರೆಕರೆಯವರು, ಗಂಡು ಮಕ್ಕಳ ಮಕ್ಕಳು. ಉಳಿದ ಮಕ್ಕಳಿಗೆ ಬೇಸರವಿಲ್ಲ. ಅವರವರ ಅಮ್ಮನ ಮನೆಯ ತಂಬಿಲದಲ್ಲಿ ಅವರೇ ಮೊದಲು. ಇವಳಿಗೆ ಹಾಗೆ ಒಂದು ಮನೆ ಇಲ್ಲ. ಸಣ್ಣವಳಿದ್ದಾಗ ನನ್ನ ಸೆರಗು ಹಿಡಿದು ಮುಂದೆ ಬರುತ್ತಿದ್ದಳು. ಯಾರಾದರೂ ಮೆಲ್ಲ ಹಿಂದಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬೈದದ್ದಿಲ್ಲ, ಸಕ್ಕರೆ ಮಿಠಾಯಿ ಕೊಟ್ಟೇ ಕರೆದುಕೊಂಡು ಹೋದದ್ದು. ಸ್ವಲ್ಪ ದೊಡ್ಡವಳಾದ ಮೇಲೆ ಅವಳೇ ಹೋಗಿ ಹಿಂದೆ ನಿಲ್ಲತೊಡಗಿದಳು. ಯಾರೂ ಹೇಳಬೇಕಾಗಲಿಲ್ಲ.

ನಮ್ಮ ಸೋದರಮಾವ ಹೋದ ಮೇಲೆ ಕುಟುಂಬದ ಯಜಮಾನ ಎಂದು ಕೂತವನು ನನ್ನ ತಮ್ಮ. ಇವಳನ್ನು ಸೇರಿಸಿಕೊಳ್ಳಿ ಎಂದು ಅವನಲ್ಲಿ ಕೇಳಿದ್ದೇನೆ. ಸೇರಿಸಿಕೊಳ್ಳುವ ಕ್ರಮ ಉಂಟು. ಹಿಂದಿನ ಕಾಲದಲ್ಲಿ ಹೆಣ್ಣು ಸಂತಾನ ಇಲ್ಲದ ಮನೆಯವರು ಹೊರಗಿನ ಹುಡುಗಿಯನ್ನು ದೈವದ ಎದುರು ಮಡಿಲಿಗೆ ತೆಗೆದುಕೊಂಡು ಬರಿ ಉಳಿಸಿಕೊಂಡದ್ದುಂಟು. ಅವನು ಇಲ್ಲ ಎನ್ನಲಿಲ್ಲ. ನೋಡುವ ಅಕ್ಕ ಎಂದ. ಪ್ರತಿ ಸಲ ನೋಡುವ ಅಕ್ಕ. ನೋಡುವುದು ಎಂದರೆ ನನ್ನ ತಮ್ಮನ ಬಾಯಲ್ಲಿ ಬೇಡ ಎಂದು ಅರ್ಥ, ಅದು ನನಗೆ ಗೊತ್ತು.

ಆ ದಿನ ಕಾರ್ಯಕ್ರಮ ಮುಗಿಸಿ ಅವನ ಕಾರಿನಲ್ಲೇ ಪಡೀಲಿಗೆ ಬಂದೆವು. ಮೊಮ್ಮಗಳು ಮುಂದೆ ಕೂತಿದ್ದಳು. ನಾನು ಹಿಂದಿನಿಂದ ಕೇಳಿದೆ.

"ಆ ಸಾಯ್ಬರು ತುಳುವರು ಅಂತ ಹೇಳಿದೆಯಲ್ಲ. ಹಾಗಾದರೆ ಇವಳು ಎಂತ?"

ಅವನು ಕಾರು ಬಿಡುತ್ತಾ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಅಕ್ಕ, ಅದು ಸ್ಟೇಜಿನ ಮಾತು."

"ಕೆಳಗೆ ಇಳಿದ ಮೇಲೆ ಬೇರೆ ಮಾತು ಉಂಟಾ?"

ಮೊಮ್ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಸ್ವಲ್ಪ ದೂರ ಹೋದೆವು. ಆಮೇಲೆ ಅವನೇ ನಕ್ಕ. "ನನ್ನ ಮೈಕ್ ನನಗೇ ತಾಗಿತು ಮಾರಾಯ್ತಿ," ಎಂದ. ಬರುವ ತಂಬಿಲದ ದಿನ ಮಾಡಿಬಿಡುವ, ಕುಟುಂಬದವರಿಗೆ ನಾನು ಹೇಳ್ತೇನೆ ಎಂದ. ಅವನು ಹಾಗೆ ದಿನ ಹೇಳಿದ್ದು ಅದೇ ಮೊದಲು. ನಾನು ಮರುದಿನವೇ ಹೋಗಿ ಅವಳಿಗೆ ಸೀರೆ ತಂದೆ. ಕೆಂಪು ಅಂಚಿನದ್ದು. ತಂದು ಕಪಾಟಿನಲ್ಲಿ ಇಟ್ಟೆ.

ಆ ಸೀರೆ ಕಪಾಟಿನಲ್ಲಿ ಇರುವಾಗಲೇ ಹುಡುಗನ ವಿಷಯ ಬಂದದ್ದು. ಮೊಮ್ಮಗಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕೆ ಇರುವುದು. ಅವನು ಉಳ್ಳಾಲದವನು, ಬೋಟಿನ ಇಂಜಿನ್ ರಿಪೇರಿ ಮಾಡುವವನು, ಅಮ್ಮನನ್ನು ಪರೀಕ್ಷೆಗೆ ಕರೆದುಕೊಂಡು ಬಂದು ಪರಿಚಯವಾದದ್ದು. ನಾನು ತೆಂಗಿನಕಾಯಿ ತುರಿಯುತ್ತಿದ್ದೆ, ಅವಳು ಬಂದು ಎದುರು ಕೂತಳು.

"ಅಜ್ಜಿ, ಒಬ್ಬ ಇದ್ದಾನೆ."

"ಯಾವ ಪೈಕಿ?"

"ನಮ್ಮದೇ ಜಾತಿ. ಹೆದರಬೇಡಿ."

"ಬರಿ?"

"ಅದನ್ನೆಲ್ಲ ಯಾರು ಕೇಳ್ತಾರೆ ಅಜ್ಜಿ?"

ಯಾರೂ ಕೇಳುವುದಿಲ್ಲ. ಅವಳ ಅಪ್ಪನೂ ಕೇಳಿರಲಿಲ್ಲ. ನಾನು ಹೆಚ್ಚು ಯೋಚಿಸಲಿಲ್ಲ. ನಮ್ಮ ಬರಿಗಳು ಎಷ್ಟೋ ಇವೆ, ನಮ್ಮದೇ ಬಂದು ಬೀಳುತ್ತದೆ ಎಂದು ಯಾರು ಅಂದುಕೊಳ್ಳುತ್ತಾರೆ?

ಒಂದು ಭಾನುವಾರ ಹುಡುಗನ ಅಮ್ಮ ನಮ್ಮ ಮನೆಗೆ ಬಂದರು. ವಿಧವೆ, ನನಗಿಂತ ಸಣ್ಣ ಪ್ರಾಯ, ಮಾತು ಕಮ್ಮಿ, ನೇರ ಹೆಂಗಸು. ನನಗೆ ಹಿಡಿಸಿತು. ಗೋಳಿಬಜೆ ಮಾಡಿದ್ದೆ. ಮೊಮ್ಮಗಳು ಚಾ ತಂದಿಟ್ಟು ಒಳಗೆ ಹೋದಳು. ಆ ಹೆಂಗಸು ಅವಳು ಹೋದ ಕಡೆ ನೋಡಿ, ಹುಡುಗಿ ಬಂಗಾರ ಅಕ್ಕ, ನನಗೆ ಲ್ಯಾಬಿನಲ್ಲೇ ಗೊತ್ತಾಗಿತ್ತು, ಸೂಜಿ ಹಾಕಿದ್ದೇ ತಿಳಿಯಲಿಲ್ಲ ಎಂದರು. ಮತ್ತೆ ಕೇಳಬೇಕಾದ್ದನ್ನು ಕೇಳಿದರು. ನಿಮ್ಮ ಬರಿ ಯಾವುದು?

ನಾನು ಹೇಳಿದೆ.

ಅವರು ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ಇಟ್ಟರು. "ನಮ್ಮದೂ ಅದೇ," ಎಂದರು.

ಎಂದರೆ ಹುಡುಗನ ಬರಿಯೂ ಅದೇ. ಅವನು ಅಮ್ಮನ ಮಗನಲ್ಲವೇ. ಅಜ್ಜಿಯ ಮನೆಯಲ್ಲಿ ಬೆಳೆದ ಹುಡುಗಿ ಎಂದರೆ ನಮ್ಮವರು ಮಗಳ ಮಗಳು ಎಂದೇ ತಿಳಿಯುತ್ತಾರೆ. ಅವರೂ ಹಾಗೇ ತಿಳಿದಿದ್ದರು. ಹಾಗಾದರೆ ಹುಡುಗ ಹುಡುಗಿ ಅಣ್ಣ ತಂಗಿ. ಬಾಗಿಲ ಹಿಂದೆ ನಿಂತವಳಿಗೆ ಕೇಳಿಸಿತು ಎಂದು ನನಗೆ ಗೊತ್ತಾಯಿತು. ಬಳೆಯ ಶಬ್ದ ನಿಂತಿತು.

"ಇವಳು ಮಗನ ಮಗಳು," ಎಂದೆ.

ಅವರ ಮುಖ ತಿಳಿಯಾಯಿತು. "ಅಯ್ಯೊ, ಮೊದಲೇ ಹೇಳಬಾರದಾ ಅಕ್ಕ? ಹಾಗಾದರೆ ತೊಂದರೆ ಇಲ್ಲ. ಅವಳ ಅಮ್ಮನ ಬರಿ ಯಾವುದು?"

"ಅಮ್ಮ ಘಟ್ಟದವಳು. ಅವರಲ್ಲಿ ಬರಿ ಇಲ್ಲ."

ಮುಖ ಪುನಃ ಹಾಗೇ ಆಯಿತು. ಚಾ ತಣ್ಣಗಾಗುತ್ತಾ ಇತ್ತು. ತಾನು ಬೇಡ ಎನ್ನುವುದಿಲ್ಲ ಎಂದು ಅವರು ತುಂಬಾ ಸಲ ಹೇಳಿದರು. ಆದರೆ ನಾಳೆ ಇವಳಿಗೆ ಹುಟ್ಟುವ ಮಕ್ಕಳು ಯಾವ ಬರಿ? ಮಗನದ್ದು ಮಕ್ಕಳಿಗೆ ಬರುವುದಿಲ್ಲ. ಸೊಸೆ ತಂದದ್ದೇ ಮಕ್ಕಳಿಗೆ. ಸೊಸೆಯ ಕೈಯಲ್ಲಿ ಏನೂ ಇಲ್ಲದಿದ್ದರೆ ಅವು ಯಾರ ತಂಬಿಲಕ್ಕೆ ಹೋಗುವುದು? ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಾನು ಅವರ ಜಾಗದಲ್ಲಿ ಇದ್ದರೂ ಅದನ್ನೇ ಕೇಳುತ್ತಿದ್ದೆ.

ಅವರು ಹೋದ ಮೇಲೆ ಮೊಮ್ಮಗಳ ಹತ್ತಿರ ಹೇಳಿದೆ. ಇದೆಲ್ಲ ಬೇಡ, ರಿಜಿಸ್ಟರ್ ಆಫೀಸಿಗೆ ಹೋಗಿ ಮದುವೆಯಾಗಿ, ನಿನ್ನ ಅಪ್ಪ ಆದ ಹಾಗೆ. ಯಾರೂ ನಿಮ್ಮನ್ನು ಹಿಡಿದು ಕಟ್ಟುವುದಿಲ್ಲ. ಅವಳು ಗೋಳಿಬಜೆಯ ತಟ್ಟೆ ಎತ್ತಿ ಒಳಗೆ ಇಟ್ಟು ಬಂದಳು.

"ನನಗೆ ಬೇಕು ಅಜ್ಜಿ," ಎಂದಳು. "ನಾನು ಚಿಕ್ಕಂದಿನಿಂದ ಹಿಂದೆ ನಿಂತಿದ್ದೇನೆ. ನನ್ನ ಮಕ್ಕಳೂ ಹಿಂದೆ ನಿಲ್ಲಬೇಕಾ?"

ಅವಳಿಗೆ ಅದು ಬೇಡ, ಈಗಿನ ಕಾಲದವಳು ಎಂದು ನಾನು ಅಂದುಕೊಂಡಿದ್ದೆ. ಸ್ಟೇಜಿನಲ್ಲಿ ನಿಂತು ಎಲ್ಲರನ್ನೂ ಬನ್ನಿ ಬನ್ನಿ ಎಂದು ಕರೆಯುವವಳಿಗೆ ಇಷ್ಟು ವರ್ಷ ಅದು ಒಳಗೆ ಇತ್ತು.

ಮಗನಿಗೆ ರಜೆ ಸಿಗಲಿಲ್ಲ. ಸೊಸೆ ಬಂದಳು. ತಮ್ಮ ಕೂಳೂರಿನ ಮನೆಯಲ್ಲಿ ಎಲ್ಲರನ್ನೂ ಕೂರಿಸಿದ. ನಾನು, ಮೊಮ್ಮಗಳು, ಸೊಸೆ, ಹುಡುಗನ ಅಮ್ಮ, ಕುಟುಂಬದ ಒಂದಿಬ್ಬರು ಹಿರಿಯರು. ಹೈವೇಯ ಲಾರಿಗಳ ಶಬ್ದಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಆ ಮನೆಯಲ್ಲಿ ಎಲ್ಲರೂ ಜಗಳ ಮಾಡುವ ಸ್ವರದಲ್ಲೇ ಮಾತಾಡುವುದು. ಸೊಸೆಗಾಗಿ ಕನ್ನಡದಲ್ಲಿ ಮಾತಾಡಿದರು.

ತಮ್ಮ ಹೇಳಿದ್ದು ಸ್ಪಷ್ಟ ಇತ್ತು. ನಾನು ಮಾತು ಕೊಟ್ಟ ಹಾಗೆ ತಂಬಿಲದ ದಿನ ಇವಳನ್ನು ಸೇರಿಸಿಕೊಳ್ಳುತ್ತೇನೆ. ಸೇರಿಸಿಕೊಂಡರೆ ಇವಳದ್ದು ನಮ್ಮ ಬರಿ. ನಮ್ಮ ಬರಿಯಾದರೆ ಈ ಹುಡುಗನಿಗೆ ತಂಗಿ. ಮದುವೆ ಇಲ್ಲ. ಮದುವೆ ಆಗಬೇಕಾದರೆ ಇವಳು ನಮ್ಮವಳಾಗಬಾರದು.

ಸೊಸೆ ಅಷ್ಟು ಹೊತ್ತು ಒಬ್ಬೊಬ್ಬರ ಮುಖ ನೋಡುತ್ತಾ ಕೂತಿದ್ದಳು.

"ನಂಗೆ ಅರ್ಥ ಆಗ್ತಿಲ್ಲ," ಎಂದಳು. "ಇಷ್ಟು ವರ್ಷ ನಮ್ಮೋಳಲ್ಲ ಅಂದ್ರಿ. ಈಗ ನಮ್ಮೋಳು ಮಾಡ್ಕೋತೀವಿ, ಮಾಡ್ಕೊಂಡ್ರೆ ಮದ್ವೆ ಇಲ್ಲ ಅಂತೀರಿ. ನಮ್ಮ ಕಡೆ ಮಗಳು ಅಪ್ಪನ ಕುಲ. ನಮ್ಮಣ್ಣನ್ನ ಕೇಳಿದ್ರೆ ಅವ್ಳು ನಿಮ್ಮನೆ ಹುಡ್ಗಿ ಕಣಮ್ಮ ಅಂತಾನೆ. ನೀವೂ ಬೇಡ ಅಂದ್ರೆ ನಾನ್ ಇವಳನ್ನ ಎಲ್ಲಿಗ್ ಹೊತ್ಕೊಂಡ್ ಹೋಗ್ಲಿ?"

ಒಬ್ಬ ಹಿರಿಯರು ಗಂಟಲು ಸರಿ ಮಾಡಿಕೊಂಡರು. ನಮ್ಮ ಭಾಷೆ ಬೇರೆ, ಕಟ್ಟು ಬೇರೆ, ನಾವು ಬೇರೆ ಜನ ಎಂದು ಹೇಳಲು ತಮ್ಮನಿಗೆ ಎಷ್ಟು ಮಾತು ಉಂಟು, ಅಂದು ಒಂದೂ ಬರಲಿಲ್ಲ. ಬೇರೆ ಎಂದು ಹೇಳುವಾಗ ಅವನು ತೋರಿಸುವುದು ಈ ಕಟ್ಟನ್ನೇ. ಅದನ್ನು ಬಿಟ್ಟರೆ ಬೇರೆ ಎನ್ನಲು ಉಳಿಯುವುದು ಕಮ್ಮಿ. ಹಿಡಿದರೆ ಈ ಹುಡುಗಿಗೆ ಜಾಗ ಇಲ್ಲ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ಜಾಗದಲ್ಲಿ ನನ್ನನ್ನು ಕೂರಿಸಿದರೆ ನಾನು ಎಂತ ಮಾಡುತ್ತಿದ್ದೆ? ಗೊತ್ತಿಲ್ಲ.

ದಾರಿ ತೋರಿಸಿದ್ದು ಹುಡುಗನ ಅಮ್ಮ. ಇನ್ನೊಂದು ಬರಿಯವರು ಇವಳನ್ನು ಮಡಿಲಿಗೆ ತೆಗೆದುಕೊಂಡರೆ ಆಯಿತಲ್ಲ ಎಂದರು. ಅಣ್ಣ ತಂಗಿಯೂ ಆಗುವುದಿಲ್ಲ, ಮಕ್ಕಳಿಗೆ ಬರಿಯೂ ಸಿಗುತ್ತದೆ. ಮತ್ತೆ ನನ್ನ ಕಡೆ ತಿರುಗಿ, ಅಕ್ಕ, ನಿಮ್ಮ ಗಂಡನ ಬರಿ ಬೇರೆಯೇ ಇರಬೇಕಲ್ಲ, ಅವರಿಗೆ ತಂಗಿ ಇದ್ದಾರಾ ಎಂದರು.

ಇದ್ದಾಳೆ. ತೀರಿಹೋದ ನನ್ನ ಗಂಡನ ತಂಗಿ, ನನ್ನ ನಾದಿನಿ. ಸುರತ್ಕಲ್ಲಿನಲ್ಲಿ. ಅವಳಿಗೆ ಇರುವುದೂ ಗಂಡು ಮಕ್ಕಳೇ.

ನಾದಿನಿಗೂ ನನಗೂ ಜಗಳ ಇಲ್ಲ. ಹೋಗಿ ಬರುವುದೂ ಹೆಚ್ಚು ಇಲ್ಲ. ಮೊಮ್ಮಗಳನ್ನು ಅವಳು ಮದುವೆ, ಉತ್ತರಕ್ರಿಯೆಗಳಲ್ಲಿ ನೋಡಿದ್ದಾಳೆ. ಇವಳು ಯಾವ ಕ್ಲಾಸು ಎಂದು ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿರಲಿಲ್ಲ. ನಾನೂ ತಮ್ಮನೂ ಹೋಗಿ ವಿಷಯ ಹೇಳಿದಾಗ ಅವಳು ಮಲ್ಲಿಗೆ ಕಟ್ಟುತ್ತಾ ಇದ್ದಳು. ಕೈ ನಿಲ್ಲಿಸಲಿಲ್ಲ.

"ಆಗಲಿ ಅತ್ತಿಗೆ," ಎಂದಳು. "ಹುಡುಗಿಗೆ ಒಳ್ಳೆಯದಾಗುವುದಾದರೆ ನನಗೆಂತ. ನಮ್ಮ ಬರಿಗೂ ಒಂದು ಹೆಣ್ಣು ಆಯಿತು."

ಪಕ್ಕದ ಮನೆಯವರು ಊರಿಗೆ ಹೋಗುವಾಗ ಬೀಗದ ಕೈ ಇಟ್ಟುಕೊಳ್ಳುತ್ತೀರಾ ಎಂದರೆ ಇಟ್ಟುಕೊಳ್ಳುತ್ತೇವಲ್ಲ, ಹಾಗೆ ಒಪ್ಪಿದಳು. ಉಪಕಾರವೇ ಮಾಡಿದ್ದು. ನಾನು ಕೇಳಿ ಕೇಳಿ ಸಿಗದೆ ಇದ್ದದ್ದು ಅವಳಿಗೆ ಹೂ ಕಟ್ಟುವಷ್ಟರಲ್ಲಿ ಸಿಕ್ಕಿತು.

ದಿನ ನೋಡಿ ನಾದಿನಿಯ ಕುಟುಂಬದ ಮನೆಗೆ ಹೋದೆವು. ಬೆಳಿಗ್ಗೆಯ ಹೊತ್ತು. ಮೊಮ್ಮಗಳು ಕೆಂಪು ಅಂಚಿನ ಸೀರೆ ಉಟ್ಟಿದ್ದಳು. ನಮ್ಮ ತಂಬಿಲಕ್ಕೆ ಎಂದು ತಂದದ್ದು. ಬೇರೆ ತರುವ ಎಂದರೆ ಬೇಡ, ಇದೇ ಸಾಕು ಎಂದಳು. ಚಾವಡಿಯಲ್ಲಿ ದೀಪ ಇಟ್ಟಿದ್ದರು. ದೈವದ ಉಯ್ಯಾಲೆಯ ಎದುರು ಮಣೆ ಹಾಕಿ ನಾದಿನಿಯನ್ನು ಕೂರಿಸಿದರು. ಆ ಕುಟುಂಬದ ಯಜಮಾನರು ಪ್ರಾಯ ಆದವರು, ನಿಧಾನ ಮಾತಿನವರು.

ಕೊಡುವ ಕಡೆಯವರು ಮೊದಲು ಬಿಟ್ಟುಕೊಡಬೇಕು, ಅದು ಅವರ ಕ್ರಮ. ಇಲ್ಲದಿದ್ದರೆ ನಾಳೆ ನಮ್ಮವಳು ಎಂದು ಯಾರಾದರೂ ಬರಬಹುದಲ್ಲ. ತಮ್ಮ ಎದ್ದು ಮಾತಾಡಲು ಹೊರಟ. ಅವನಿಗೆ ಮಾತಿನ ಅಭ್ಯಾಸ. ಆ ಯಜಮಾನರು ಕೈ ತೋರಿಸಿ ಕೂರಿಸಿದರು. ಸಾಕಿದವರು ಹೇಳಬೇಕು ಎಂದರು.

ನಾನು ಎದ್ದು ನಿಂತೆ.

"ಈ ಹುಡುಗಿ ನಿಮ್ಮ ಕುಟುಂಬದವಳಾ?" ಎಂದು ಕೇಳಿದರು.

ನಾನು ತಲೆ ಅಲ್ಲಾಡಿಸಿದೆ.

"ಬಾಯಲ್ಲಿ ಹೇಳಬೇಕು ಅಕ್ಕ. ದೈವಕ್ಕೆ ಕೇಳಬೇಕು."

ಮೊಮ್ಮಗಳು ನನ್ನಿಂದ ಒಂದು ಮಾರು ದೂರದಲ್ಲಿ ಕೈ ಮುಗಿದು ನಿಂತಿದ್ದಳು. ಇಷ್ಟು ವರ್ಷ ಬೇರೆಯವರು ಅವಳನ್ನು ನಮ್ಮವಳಲ್ಲ ಎನ್ನುವಾಗ ನಾನು ಜಗಳ ಮಾಡಿದ್ದೆ. ಮದುವೆ ಮನೆಯಲ್ಲಿ ಮಾಡಿದ್ದೆ, ತಂಬಿಲದಲ್ಲಿ ಮಾಡಿದ್ದೆ, ಬೀಡಿ ಕೊಡಲು ಹೋದಲ್ಲಿ ಬ್ರಾಂಚಿನಲ್ಲೂ ಮಾಡಿದ್ದೆ.

"ಅಲ್ಲ," ಎಂದೆ. "ಅವಳು ನಮ್ಮ ಪೈಕಿ ಅಲ್ಲ. ನಮಗೆ ಅವಳ ಮೇಲೆ ಹಕ್ಕಿಲ್ಲ."

ಸ್ವರ ಸರಿಯಾಗಿಯೇ ಬಂತು. ಅವಳು ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು.

ಅವಳನ್ನು ನಾದಿನಿಯ ಮಡಿಲಿನಲ್ಲಿ ಕೂರಿಸಿದರು. ಬೆಳೆದ ಹುಡುಗಿ, ನಾದಿನಿಗೆ ಮೊಣಕಾಲು ನೋವು, ಸ್ವಲ್ಪ ಕೂತ ಹಾಗೆ ಮಾಡಿ ಎದ್ದಳು. ಬೆಳ್ಳಿಯ ಲೋಟದಲ್ಲಿ ಹಾಲು ಕೊಟ್ಟರು. ನಾದಿನಿ ಒಂದು ಗುಟುಕು ಕುಡಿಸಿದಳು. ಅಮ್ಮ ಎಂದು ಕರೆ ಎಂದರು. ಕರೆದಳು.

ಸೊಸೆ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತುಳು ಅವಳಿಗೆ ಇವತ್ತಿಗೂ ಪೂರ್ತಿ ತಿಳಿಯುವುದಿಲ್ಲ, ಆದರೆ ಆ ಒಂದು ಕರೆ ತಿಳಿಯಲು ಭಾಷೆ ಬೇಡ. ನನ್ನ ಕಿವಿಯ ಹತ್ತಿರ ಬಂದು ಕೇಳಿದಳು.

"ಅತ್ತೆ, ಹಂಗಾದ್ರೆ ನಾನು ಅವಳಿಗೆ ಯಾರು?"

"ಅಮ್ಮ. ಮತ್ತೆ ಯಾರು?"

"ಅವ್ರು?"

"ಅವಳೂ."

ಅವಳು ನನ್ನನ್ನು ನೋಡುತ್ತಾ ಕೂತಳು.

ಆಮೇಲೆ ಯಜಮಾನರು ಮೊಮ್ಮಗಳಿಗೆ ಮನೆಯ ಕ್ರಮ ಹೇಳಿಕೊಟ್ಟರು. ಇನ್ನು ಈ ಮನೆಯ ತಂಬಿಲಕ್ಕೆ ಬರಬೇಕು. ನಿನ್ನ ಮಕ್ಕಳನ್ನೂ ಕರೆದುಕೊಂಡು ಬರಬೇಕು. ಈ ಬರಿಯಲ್ಲಿ ಯಾರು ಸತ್ತರೂ ನಿನಗೆ ಸೂತಕ. ಅವಳು ಹೂಂ ಎಂದಳು. ಮತ್ತೆ ಒಂದು ಮಾತು ಕೇಳಿದಳು, ಮೆಲ್ಲ.

"ಅಜ್ಜಿಗೆ?"

ಯಜಮಾನರು ನನ್ನ ಕಡೆ ನೋಡಿ, ಅವಳ ಕಡೆ ನೋಡಿ ಹೇಳಿದರು. "ಅವರ ಬರಿ ಬೇರೆ ಅಲ್ವಾ ಮಗಾ. ಅದಕ್ಕೆ ಸೂತಕ ಇಲ್ಲ. ಒಂದು ಸ್ನಾನ ಮಾಡಿದರೆ ಸಾಕು."

ಸರಿಯಾದ್ದನ್ನೇ ಹೇಳಿದರು. ಪಕ್ಕದ ಮನೆಯವರು ಸತ್ತರೂ ನಾವು ಒಂದು ಸ್ನಾನ ಮಾಡುತ್ತೇವೆ. ನಾನು ದೀಪದ ಬತ್ತಿ ನೋಡುತ್ತಾ ನಿಂತೆ. ಒಂದು ಬತ್ತಿ ಎಣ್ಣೆಯಿಂದ ಮೇಲೆ ಬಂದಿತ್ತು. ಸರಿ ಮಾಡಬೇಕು ಎಂದು ಕೈ ಹೋಯಿತು, ಹಿಂದೆ ತೆಗೆದೆ. ಆ ಮನೆಯ ದೀಪ ನಾನು ಮುಟ್ಟುವ ಹಾಗಿಲ್ಲ.

ಗಂಧ ಪ್ರಸಾದ ಕೊಟ್ಟರು. ಕುಟುಂಬದವರಿಗೆ ಮೊದಲು. ಮೊಮ್ಮಗಳು ಮುಂದೆ ನಿಂತಿದ್ದಳು, ನಾದಿನಿಯ ಪಕ್ಕದಲ್ಲಿ, ಮೊದಲ ಸಲ ಮುಂದೆ. ಬೆನ್ನು ನೇರ ಮಾಡಿ ನಿಂತಿದ್ದಳು. ನಾನು, ಸೊಸೆ, ತಮ್ಮ, ಹುಡುಗನ ಅಮ್ಮ ಹಿಂದೆ. ಹಿಂದಿನಿಂದ ಏನೂ ಸರಿಯಾಗಿ ಕಾಣುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಮುಂದಿನವರ ತಲೆ, ಸ್ವಲ್ಪ ಹೊಗೆ, ಅಷ್ಟೆ.

ಊಟಕ್ಕೆ ನನಗೆ ಎಲೆ ಹಾಕಿದ್ದು ಬಂದವರ ಸಾಲಿನಲ್ಲಿ. ಅದೇ ಸಾಲಿನ ತುದಿಯಲ್ಲಿ ತಮ್ಮ, ಅವನ ಪಕ್ಕದಲ್ಲಿ ಆ ಯಜಮಾನರೂ ಮಾತಿಗೆ ಎಂದು ಕೂತಿದ್ದರು. ತಮ್ಮ ಮುಂದಿನ ಕಾರ್ಯಕ್ರಮದ ಸುದ್ದಿ ತೆಗೆದಿದ್ದ. ನಾವು ಬೇರೆ ಜನ ಎಂದು ಸರಕಾರ ಒಪ್ಪಬೇಕು, ಅದಕ್ಕೆ ದೊಡ್ಡದೊಂದು ಸಭೆ ಮಾಡುತ್ತೇವೆ, ನಿಮ್ಮ ಹುಡುಗಿಯೇ ಮೈಕ್ ಹಿಡಿಯಬೇಕು ಎಂದು ಹೇಳುತ್ತಿದ್ದ. ನಿಮ್ಮ ಹುಡುಗಿ ಎಂದ. ಬೆಳಿಗ್ಗೆ ಬಿಟ್ಟುಕೊಟ್ಟದ್ದು, ಮಧ್ಯಾಹ್ನಕ್ಕೆ ಬಾಯಿಗೆ ಅಭ್ಯಾಸವಾಗಿತ್ತು. ಯಜಮಾನರು ಅನ್ನ ಕಲಸುತ್ತಾ, ಅದಕ್ಕೆಂತ, ಈಗ ಅವಳು ಸರಿಯಾದ ತುಳುವಳಾದಳಲ್ಲ ಎಂದರು.

"ನಿನ್ನೆಯವರೆಗೆ ಎಂತ ಆಗಿದ್ದಳು?" ಎಂದು ಕೇಳಿದೆ.

ಅವರು ನನ್ನ ಕಡೆ ನೋಡಿದರು. ಬಾಯಲ್ಲಿ ಅನ್ನ ಇತ್ತು. ತಮ್ಮ ನೀರು ಕುಡಿದ. ಸಾರು ಬಂತು, ಮಾತು ಬೇರೆ ಕಡೆ ಹೋಯಿತು.

ಪಾಯಸ ಬಡಿಸಲು ಮನೆಯ ಹುಡುಗಿಯೇ ಬರಲಿ ಎಂದು ನಾದಿನಿ ಒಳಗಿನಿಂದ ಹೇಳಿದ್ದು ಕೇಳಿಸಿತು. ಮೊಮ್ಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾತ್ರೆ ಹಿಡಿದು ಬಂದಳು. ಸಾಲಿನ ತುದಿಯಿಂದ ಬಡಿಸುತ್ತಾ ಬಂದಳು. ಪ್ರತಿಯೊಬ್ಬರ ಎದುರು ಬಗ್ಗಿ, ಸ್ವಲ್ಪ ಹಾಕಲಾ ಎಂದು ಕೇಳಿ ಹಾಕುತ್ತಿದ್ದಳು. ನನ್ನ ಎಲೆಯ ಎದುರು ಬಂದಳು. ಕೇಳದೆ ಒಂದು ಸೌಟು ಹಾಕಿದಳು.

"ಸಾಕು," ಎಂದೆ.

ಇನ್ನೊಂದು ಸೌಟು ಹಾಕಿದಳು. ಬಂದವರು ಸಾಕು ಎಂದರೂ ಇನ್ನೊಂದು ಸೌಟು ಹಾಕುವುದು ನಮ್ಮಲ್ಲಿ ಕ್ರಮ. ಅದನ್ನು ಅವಳಿಗೆ ಕಲಿಸಿದ್ದು ನಾನು. ಅವಳು ಮುಂದಿನ ಎಲೆಗೆ ಹೋದಳು. ನಾನು ಎಲೆಯಲ್ಲಿದ್ದದ್ದನ್ನು ತಿಂದು ಮುಗಿಸಿ, ಎದ್ದು ಕೈ ತೊಳೆದುಕೊಂಡೆ.